ಹೊಲಿಗೆ ಮಷೀನು ಬೆಳಿಗ್ಗೆ ಬೆಳಿಗ್ಗೆ ಜಾಮ್, ಅಡಿಯಲ್ಲಿ ದಾರ ಶಾವಿಗೆ ಥರ ಬರ್ತಿದೆ, ಯಾರಾದ್ರೂ ಹೇಳಿ ಪ್ಲೀಸ್

ಮೂಡಿಗೆರೆ_ಮಳೆ (ಮಂಗಳವಾರ ರಾತ್ರಿ)

ಎಲ್ರಿಗೂ ನಮಸ್ಕಾರ. ಇಷ್ಟ್ ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಈಗ ತಲೆ ಕೆಟ್ಟು ಬರೀತಿದೀನಿ. ನಮ್ಮನೇಲಿ ಅತ್ತೆ ಕಾಲದ ಕಪ್ಪು ಹೊಲಿಗೆ ಮಷೀನಿದೆ, ಕಾಲಲ್ಲಿ ತುಳಿಯೋದು, ನೇರ ಹೊಲಿಗೆ ಬಿಟ್ರೆ ಬೇರೇನೂ ಬರಲ್ಲ. ಎಂಟ್ಹತ್ತು ವರ್ಷದಿಂದ ಜಗುಲಿ ಮೂಲೇಲಿ ಬಟ್ಟೆ ಹೊದ್ಕೊಂಡು ಕೂತಿತ್ತು, ಅದ್ರ ಮೇಲೆ ಹಳೇ ಪೇಪರ್ರು, ಛತ್ರಿ, ಟಾರ್ಚು ಎಲ್ಲಾ. ಮಗಳಿಗೆ ಈಗ ಏಳು ತಿಂಗಳು, ಬಾಣಂತನಕ್ಕೆ ಇಲ್ಲಿಗೇ ಬರೋದು, ಅದ್ಕೆ ಅತ್ತೆದು ನಂದು ಹಳೇ ಕಾಟನ್ ಸೀರೆ ಸೇರ್ಸಿ ಮಗುಗೊಂದು ಮೆತ್ತನೆ ಹೊದಿಕೆ ಹೊಲಿಯಣ ಅಂತ ಮಷೀನು ಹೊರಗೆ ತೆಗೆದೆ.

ತೊಂದ್ರೆ ಎರಡು. ಒಂದು, ಸಿಕ್ಕಾಪಟ್ಟೆ ಭಾರ. ಬೆಳಿಗ್ಗೆ ಅಂತೂ ಪೆಡಲ್ ತುಳುದ್ರೆ ಬೆಲ್ಟ್ ಜಾರುತ್ತೆ ಹೊರತು ಮಷೀನು ಅಲ್ಲಾಡಲ್ಲ, ಚಕ್ರಾನ ಎರಡು ಕೈಲಿ ಹಿಡಿದು ತಿರುಗ್ಸಬೇಕು. ಎರಡು, ಹೇಗೋ ಹೊಲಿದ್ರೆ ಮೇಲ್ಗಡೆ ಹೊಲಿಗೆ ನೀಟಾಗೇ ಕಾಣತ್ತೆ, ಬಟ್ಟೆ ಮಗುಚಿ ನೋಡುದ್ರೆ ಅಡಿಯಲ್ಲಿ ಒತ್ತು ಶಾವಿಗೆ ಒತ್ತಿದ ಹಾಗೆ ದಾರದ ರಾಶಿ. ಅಡಿ ದಾರ ಸುತ್ತಿಡೋ ಬಾಬಿನ್ ಸರಿ ಇಲ್ಲ ಅಂತ ಹೊಸ ಬಾಬಿನ್ ಹಾಕ್ದೆ, ಬಾಬಿನ್ ಕೇಸೂ ಬದಲಾಯಿಸ್ದೆ, ಅದೇ ಕಥೆ.

ಇನ್ನೊಂದು ತಮಾಷೆ ಹೇಳ್ತೀನಿ, ಹೋದ ಭಾನುವಾರ ಜಗುಲೀಲಿ ಇರಚಲು ಹೊಡೀತಿತ್ತು ಅಂತ ಮಷೀನನ್ನ ಅಡುಗೆಮನೆ ಒಳಗೆ ಸೌದೆ ಒಲೆ ಪಕ್ಕ ಎಳೆದಿಟ್ಟಿದ್ವಿ, ಆವತ್ತು ಮಧ್ಯಾಹ್ನ ಹೂವಿನ ಹಾಗೆ ಓಡ್ತು! ಎರಡು ಅಂಚು ಹೊಲಿದೇ ಬಿಟ್ಟೆ. ಓಡಾಡೋಕೆ ಅಡ್ಡ ಅಂತ ನಮ್ಮನೆಯವ್ರು ಸೋಮವಾರ ಮತ್ತೆ ಜಗುಲಿಗೆ ತಂದಿಟ್ರು, ಮತ್ತೆ ಜಾಮ್. ಅವರ ಕೈಗುಣ ಅಂತ ನಾನು ರೇಗಿಸ್ತಿದೀನಿ, ಅವರು ಗುಜರಿಗೆ ಹಾಕು ಅಂತಿದಾರೆ.

ಹೊಸ್ಪೇಟೆ_ಹುಡುಗಿ (ಮಂಗಳವಾರ ರಾತ್ರಿ)

ಆಂಟಿ ಸುಮ್ನೆ ಒಂದು ಕರೆಂಟ್ ಮಷೀನ್ ತಗೊಳಿ, ಝಿಗ್‌ಝ್ಯಾಗೂ ಬರತ್ತೆ ಕಾಜಾನೂ ಬರತ್ತೆ. ಇಲ್ಲಾಂದ್ರೆ ಮೇಲಿನ ದಾರ ಬಿಗಿ ಮಾಡೋ ಟೆನ್ಶನ್ ಸ್ಕ್ರೂ ಪೂರ್ತಿ ಟೈಟ್ ಮಾಡಿ ನೋಡಿ.

ಕಾಫಿಹೂವು (ಬುಧವಾರ ಬೆಳಿಗ್ಗೆ)

ಕರೆಂಟ್ ಮಷೀನು ತಗೊಂಡ್ ಏನ್ ಮಾಡ್ತಾರಮ್ಮ, ಸಕಲೇಶಪುರದಲ್ಲಿ ನಮಗೆ ಮೊನ್ನೆಯಿಂದ ಕರೆಂಟೇ ಇಲ್ಲ, ಮೂಡಿಗೆರೆ ಏನು ಬೇರೆನಾ? ಅಕ್ಕ, ಮಳೆಗಾಲದಲ್ಲಿ ಚರ್ಮದ ಬೆಲ್ಟು ತೇವಕ್ಕೆ ಹಿಗ್ಗುತ್ತೆ, ಅದು ಜಾರೋದು ಅದ್ಕೇ. ಕೊಂಡಿ ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಸೇರ್ಸಿ. ನಮ್ಮನೇಲಿ ಪ್ರತಿ ಜುಲೈ ಇದೇ ಕೆಲ್ಸ, ಬೇಸಿಗೇಲಿ ಮತ್ತೆ ಬಿಗಿ ಆಗತ್ತೆ ಅದು ಬೇರೆ ಕಥೆ.

ಕಟ್ಟಿನಕೆರೆ_ಟೈಲರ್ (ಬುಧವಾರ ಮಧ್ಯಾಹ್ನ)

ಅಮ್ಮಾ ನಮಸ್ಕಾರ, ಹಾಸನದಲ್ಲಿ ಅಂಗಡಿ ನಂದು, ಮೂವತ್ತು ವರ್ಷ ಇದೇ ಮಷೀನು ತುಳಿದಿದೀನಿ. ಬೆಲ್ಟು ಆಮೇಲೆ ನೋಡಣ, ಮಷೀನು ಭಾರ ಇದ್ದಾಗ ಬೆಲ್ಟ್ ಹೊಸದಾಗಿದ್ರೂ ಜಾರುತ್ತೆ. ಟೆನ್ಶನ್ ಪೂರ್ತಿ ಟೈಟ್ ಮಾತ್ರ ಮಾಡ್ಬೇಡಿ, ಸ್ಪ್ರಿಂಗ್ ಹಾಳಾಗತ್ತೆ.

ಎಲ್ರೂ ಒಂದು ತಪ್ಪು ಮಾಡ್ತಾರೆ, ಅಡಿಯಲ್ಲಿ ದಾರ ಗುಡ್ಡೆ ಬಿತ್ತು ಅಂದ್ರೆ ಅಡಿಯಲ್ಲಿರೋ ಬಾಬಿನ್ನೇ ಕಳ್ಳ ಅಂತಾರೆ. ಅಲ್ಲ. ಅಡಿಯಲ್ಲಿ ಗುಡ್ಡೆ ಬೀಳೋದು ಮೇಲಿನ ದಾರ. ಮೇಲಿನ ದಾರಕ್ಕೆ ಹಿಡಿತ ಇಲ್ದೆ ಹೋದ್ರೆ ಶಟಲ್ (ಬಾಬಿನ್ ಕೇಸ್ ಸುತ್ತ ಆಡ್ತಾ ದಾರ ಹಿಡಿಯೋ ಕೊಕ್ಕೆ) ಎಳ್ಕೊಂಡಷ್ಟೂ ದಾರ ಕೆಳಗೆ ಹೋಗತ್ತೆ, ವಾಪಸ್ ಮೇಲೆ ಬರಲ್ಲ. ಬಾಬಿನ್ ಕೇಸಿಗೆ ಸುಮ್ನೆ ದುಡ್ಡು ಹಾಕಿದೀರಿ. ದಾರ ಹಾಕುವಾಗ ಬಟ್ಟೆ ಒತ್ತಿ ಹಿಡಿಯೋ ಫುಟ್ ಮೇಲೆತ್ತಿ ಹಾಕ್ಬೇಕು, ಆಗ ಟೆನ್ಶನ್ನಿನ ಎರಡು ಬಿಲ್ಲೆ ಬಾಯಿ ಬಿಟ್ಕೊಂಡಿರತ್ತೆ, ದಾರ ಮಧ್ಯ ಕೂರತ್ತೆ. ಫುಟ್ ಇಳಿಸಿಟ್ಟು ಹಾಕುದ್ರೆ ದಾರ ಬಿಲ್ಲೆ ಮೇಲೇ ಜಾರ್ಕೊಂಡು ಹೋಗತ್ತೆ. ಆಮೇಲೆ ಮೇಲೆ ಕೆಳಗೆ ಆಡೋ ಕೊಕ್ಕೆಯ ತೂತಲ್ಲಿ ದಾರ ಹೋಗಿದ್ಯಾ ನೋಡಿ, ಅದು ತಪ್ಪಿದ್ರೂ ಇದೇ ಶಾವಿಗೆ. ಸೂಜಿಗೆ ದಾರ ಪೋಣಿಸ್ಬೇಕಾದ್ದು ಉದ್ದ ತೋಡು ಇರೋ ಕಡೆಯಿಂದ, ಚಪ್ಪಟೆ ಕಡೆಯಿಂದಲ್ಲ.

ಪರೀಕ್ಷೆ ಹೇಳ್ತೀನಿ. ದಾರ ಹಾಕಿ, ಫುಟ್ ಇಳಿಸಿ, ಸೂಜಿ ಹತ್ರ ದಾರ ಹಿಡಿದು ಎಳೀರಿ. ಸೂಜಿ ಬಾಗೋ ಅಷ್ಟು ಹಿಡಿತ ಇರ್ಬೇಕು. ಸುಮ್ನೆ ಬಂದ್ಬಿಟ್ರೆ ಬಿಲ್ಲೆ ಹಿಡೀತಿಲ್ಲ ಅಂತ ಅರ್ಥ. ಭಾರಕ್ಕೆ ಇನ್ನೊಂದು: ಬೆಲ್ಟ್ ಬಿಚ್ಚಿ ಬರೀ ಪೆಡಲ್ ತುಳೀರಿ, ಅದು ಹಗುರ ಇದ್ರೆ ಕೆಳಗಿನ ಸ್ಟ್ಯಾಂಡಿಗೆ ರೋಗ ಇಲ್ಲ. ಆಮೇಲೆ ಶಟಲ್ ಹೊರಗೆ ತೆಗೆದಿಟ್ಟು ಮೇಲಿನ ಚಕ್ರ ತಿರುಗ್ಸಿ, ಆಗ ಹಗುರ ಆದ್ರೆ ದಾರ ಶಟಲ್ ಮನೇಲಿ ಸಿಕ್ಕೊಂಡಿದೆ, ಆಗ್ಲೂ ಭಾರ ಅಂದ್ರೆ ಒಳಗೆ ಎಣ್ಣೆ ಕೆಲ್ಸ. ನೋಡಿ ಹೇಳಿ.

ಮೂಡಿಗೆರೆ_ಮಳೆ (ಬುಧವಾರ ರಾತ್ರಿ)

ಅಣ್ಣ ಎಷ್ಟ್ ಚೆನ್ನಾಗಿ ಹೇಳಿದ್ರಿ, ಎಲ್ಲಾ ಮಾಡ್ದೆ. ಪೆಡಲ್ ಹಗುರ. ಶಟಲ್ ತೆಗೆದ್ರೂ ಮೇಲಿನ ಚಕ್ರ ಭಾರಾನೇ, ಶಟಲ್ ಇರೋ ಜಾಗದಲ್ಲಿ ದಾರ ಏನೂ ಇಲ್ಲ, ಬಿಳೀ ಮೇಣದ ಥರ ಏನೋ ಮೆತ್ಕೊಂಡಿದೆ. ಫುಟ್ ಎತ್ತಿಯೇ ದಾರ ಹಾಕ್ದೆ, ಎಳುದ್ರೆ ಯಾವ ಹಿಡಿತಾನೂ ಇಲ್ದೆ ರಾಟೆಯಿಂದ ಬಂದ ಹಾಗೆ ಬರತ್ತೆ. ಮನೇಲಿ ತುಕ್ಕು ಬಿಡಿಸೋ ಸ್ಪ್ರೇ ಇದೆ, ಗೇಟಿಗೆ ತಂದಿದ್ದು, ಅದನ್ನೇ ಹೊಡೀಲಾ?

ಪಾರ್ಟ್‌ಟೈಮ್_ಫಿಟ್ಟರ್ (ಬುಧವಾರ ರಾತ್ರಿ)

ಅಕ್ಕ ಒಂದ್ ನಿಮಿಷ. ಸ್ಪ್ರೇ ಕೆಳಗಿಡಿ. ಒಲೆ ಪಕ್ಕ ಓಡ್ತು, ಜಗುಲೀಲಿ ನಿಂತ್ತು, ಬೆಳಿಗ್ಗೆ ಹೆಚ್ಚು ಭಾರ, ಬಿಳೀ ಮೇಣ. ಇದು ನಿಮ್ಮನೆಯವ್ರ ಕೈಗುಣ ಅಲ್ಲ 😄 ಈ ಮಷೀನಿಗೆ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲಿ ಕರಗೋದು, ಅದಕ್ಕಿಂತ ತಣ್ಣಗಾದ್ರೆ ಗಟ್ಟಿ. ಆಷಾಢದಲ್ಲಿ ನಿಮ್ಮ ಕಡೆ ಜಗುಲಿ 20ರ ಹತ್ರ ಇರತ್ತೆ. ಬಚ್ಚಲಲ್ಲಿ ತಲೆಗೆ ಹಾಕೋ ಎಣ್ಣೆ ಬಾಟ್ಲಿ ನೋಡಿ, ಗಟ್ಟಿ ಆಗಿದ್ರೆ ಮಷೀನೊಳಗೂ ಹಾಗೇ ಆಗಿದೆ ಅಂತ ಲೆಕ್ಕ. ಒಂದೇ ರೋಗ ಇರೋದು ನಿಮಗೆ, ಎರಡಲ್ಲ, ಯಾಕಂದ್ರೆ ಅದೇ ಎಣ್ಣೆ ಟೆನ್ಶನ್ ಬಿಲ್ಲೆ ಮಧ್ಯಾನೂ ಕೂತು ಗಟ್ಟಿಯಾಗಿ ಬಿಲ್ಲೆ ಮುಚ್ಕೊಳೋಕೆ ಬಿಡ್ತಿಲ್ಲ ಅನ್ಸತ್ತೆ, ಅಲ್ಲಿ ಹಿಡಿತ ಹೋಯ್ತು, ಅಡಿಯಲ್ಲಿ ಶಾವಿಗೆ ಶುರು.

ಮೂಡಿಗೆರೆ_ಮಳೆ (ಗುರುವಾರ ಬೆಳಿಗ್ಗೆ)

ಅಯ್ಯೋ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ಬೆಳಿಗ್ಗೆ ಕಾಫಿ ಕುಡೀತಾ ಕೇಳ್ದೆ, ಅತ್ತೆ, ಮಷೀನಿಗೆ ಎಣ್ಣೆ ಏನಾದ್ರೂ ಬಿಟ್ಟಿದ್ರಾ ಅಂತ. "ಬಿಡ್ದೆ ಮತ್ತೆ, ಅಷ್ಟು ವರ್ಷ ಒಣಗಿತ್ತು ಪಾಪ, ತೂತು ತೂತಿಗೂ ಬಿಟ್ಟೆ, ಒಳ್ಳೇ ಎಣ್ಣೆ, ಗಾಣದ್ದು" ಅಂದ್ರು. ಅವರ ತವರು ಅರಸೀಕೆರೆ, ಮನೆಗೆ ಎಣ್ಣೆ ಇವತ್ತಿಗೂ ಅಲ್ಲಿಂದಾನೇ ಬರೋದು, ಹೊರಗಿನದ್ದು ಮುಟ್ಟಲ್ಲ. "ನಮ್ಮಮ್ಮ ಅಲ್ಲಿ ಇದನ್ನೇ ಬಿಡ್ತಿದ್ದಿದ್ದು, ಯಾವತ್ತೂ ಕೆಡ್ಲಿಲ್ಲ" ಅಂತ ನನಗೇ ತಿರುಗಿ ಕೇಳ್ತಿದಾರೆ. ಹೌದಲ್ಲಾ, ಅರಸೀಕೆರೆ ಬಯಲುಸೀಮೆ, ಅಲ್ಲಿ ಬಿಸಿಲಿಗೆ ಎಣ್ಣೆ ಗಟ್ಟಿ ಆಗೋದೇ ಅಪರೂಪ. ಅವರದ್ದೂ ತಪ್ಪಿಲ್ಲ ಬಿಡಿ. ಈಗ ಏನ್ ಮಾಡ್ಲಿ ಹೇಳಿ.

ಕಟ್ಟಿನಕೆರೆ_ಟೈಲರ್ (ಗುರುವಾರ ಮಧ್ಯಾಹ್ನ)

ಹಹ್ಹಾ ತಮ್ಮ ಭಲೇ ಹಿಡಿದ್ಯಲ್ಲೋ, ನನಗೆ ಒಲೆ ವಿಷಯ ಓದಿದ್ರೂ ಹೊಳೀಲಿಲ್ಲ. ನಮ್ಮ ಅಂಗಡಿಗೆ ಹಳ್ಳಿಯಿಂದ ಬರೋ ಮಷೀನಲ್ಲಿ ಕಡ್ಲೆಕಾಯಿ ಎಣ್ಣೆ ಹರಳೆಣ್ಣೆ ಬಿಟ್ಟಿರೋದು ಬೇಕಾದಷ್ಟು ನೋಡಿದೀನಿ, ಅವು ಇನ್ನೂ ಕಷ್ಟ, ವರ್ಷ ಕಳೆದ್ರೆ ಗೋಂದಿನ ಥರ ಅಂಟ್ಕೊಂಡು ಕೆರೆದು ತೆಗೀಬೇಕು. ಕೊಬ್ಬರಿ ಎಣ್ಣೆ ಆದ್ರೆ ಕರಗತ್ತೆ, ನಿಮ್ಮ ಪುಣ್ಯ.

ಮೊದ್ಲು ಸೂಜಿ, ಫುಟ್, ಪ್ಲೇಟು, ಬಾಬಿನ್ ಕೇಸ್, ಶಟಲ್ ಬಿಚ್ಚಿ. ಬಿಚ್ಚೋವಾಗ ಒಂದೊಂದಕ್ಕೂ ಫೋನಲ್ಲಿ ಫೋಟೋ ತಗೊಳಿ, ಶಟಲ್ ಉಲ್ಟಾ ಹಾಕಿ ಅಳೋರು ಜಾಸ್ತಿ. ಬಿಸಿಲಂತೂ ಇಲ್ಲ ನಿಮ್ಮಲ್ಲಿ, ಮಷೀನು ಒಂದು ಗಂಟೆ ಬೆಚ್ಚಗಿನ ಜಾಗದಲ್ಲಿ ಇಡಿ ಅಥ್ವಾ ಕೂದಲು ಒಣಗ್ಸೋ ಡ್ರೈಯರ್ ಇದ್ರೆ ಅದ್ರಲ್ಲಿ ಬಿಸಿ ಗಾಳಿ ಬಿಡಿ. ಎಣ್ಣೆ ನೀರಾದ್ಮೇಲೆ ಹಳೇ ಬನಿಯನ್ ಬಟ್ಟೇಲಿ ಒರೆಸಿ. ಆಮೇಲೆ ಎಣ್ಣೆ ತೂತಿಗೆಲ್ಲಾ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ಹತ್ತು ನಿಮಿಷ ಚಕ್ರ ತಿರುಗ್ಸಿ, ಕಪ್ಪಗೆ ಕೊಳೆ ಇಳಿಯತ್ತೆ, ಒರೆಸಿ, ಇನ್ನೊಂದ್ ಸಲ ಮಾಡಿ. ಸೀಮೆಎಣ್ಣೆ ಕೆಲ್ಸ ಮಾತ್ರ ಒಲೆ ಹತ್ರ ಬೇಡ, ಅದಕ್ಕೆ ಜಗುಲಿಗೇ ಬನ್ನಿ, ಡ್ರೈಯರೂ ಆಗ ಆಫ್ ಆಗಿರ್ಲಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮಷೀನ್ ಎಣ್ಣೆ ಬಿಡಿ, ತೂತಿಗೆ ಒಂದೊಂದೇ ಹನಿ, ಶಟಲ್ ಓಡೋ ತೋಡಿಗೆ ಒಂದು ಹನಿ.

ಟೆನ್ಶನ್ ಬಿಲ್ಲೆಗೆ ಎಣ್ಣೆ ಬೇಡ, ಯಾವ ಎಣ್ಣೇನೂ ಬೇಡ. ಅಲ್ಲಿ ಬೇಕಾದ್ದೇ ಹಿಡಿತ, ಜಾರೋದಲ್ಲ. ಫುಟ್ ಎತ್ತಿ, ಒಂದು ತೆಳು ಕಾಟನ್ ಬಟ್ಟೆ ಅಂಚನ್ನ ಎರಡು ಬಿಲ್ಲೆ ಮಧ್ಯ ತೂರ್ಸಿ ಆ ಕಡೆ ಈ ಕಡೆ ಎಳೀರಿ, ಜಿಡ್ಡು ಜುಂಗು ಎಲ್ಲಾ ಬರತ್ತೆ.

ಕಾಫಿಹೂವು (ಗುರುವಾರ ಸಂಜೆ)

ಸೀಮೆಎಣ್ಣೆ ಈಗ ಎಲ್ಲಿ ಸಿಗತ್ತಣ್ಣ, ರೇಷನ್ನಲ್ಲೂ ಕೊಡ್ತಿಲ್ಲ ನಮ್ಮಲ್ಲಿ.

ಕಟ್ಟಿನಕೆರೆ_ಟೈಲರ್ (ಗುರುವಾರ ಸಂಜೆ)

ಸಿಗದಿದ್ರೆ ಮಷೀನ್ ಎಣ್ಣೇನೇ ಧಾರಾಳ ಬಿಟ್ಟು ತಿರುಗ್ಸಿ ಒರೆಸಿ, ಮೂರ್ನಾಕು ಸಲ. ನಿಧಾನ ಆಗತ್ತೆ ಅಷ್ಟೇ. ಆ ಗೇಟಿನ ಸ್ಪ್ರೇ ಕೊಳೆ ಬಿಡಿಸ್ಬೋದು, ಆದ್ರೆ ಬೇಗ ಆರಿ ಹೋಗತ್ತೆ, ಎಣ್ಣೆ ಬಿಟ್ಟಂಗೆ ಆಗಲ್ಲ.

ಕಾಫಿಹೂವು (ಗುರುವಾರ ಸಂಜೆ)

ಅಕ್ಕ ಎಷ್ಟು ಪದರ ಹಾಕಿದೀರಿ? ಸೂಜಿ ಯಾವ ನಂಬರು?

ಮೂಡಿಗೆರೆ_ಮಳೆ (ಗುರುವಾರ ರಾತ್ರಿ)

ಆರು ಪದರ. ಸೂಜಿ ಅದ್ರಲ್ಲಿದ್ದಿದ್ದೇ, ನಂಬರ್ ಕಾಣಲ್ಲ, ತುದಿ ಉಗುರಿಗೆ ಗೀಚುತ್ತೆ.

ಕಾಫಿಹೂವು (ಗುರುವಾರ ರಾತ್ರಿ)

ಆ ಸೂಜಿ ಬಿಸಾಕಿ ಮೊದ್ಲು. ಮಗು ಬಟ್ಟೆ ಬೇರೆ, ತುಂಡಾಗಿ ಒಳಗೆ ಸಿಕ್ಕೊಂಡ್ರೆ ಏನ್ ಗತಿ. ಆರು ಪದರಕ್ಕೆ 16 ನಂಬರ್ ಹಾಕಿ, ಅಂಚಲ್ಲಿ ಮಡಿಕೆ ಬಂದು ಇನ್ನೂ ದಪ್ಪ ಆದ್ರೆ 18. ಹೊಲಿಗೆ ಉದ್ದ ಮಾಡ್ಕೊಳಿ, ಪುಟ್ಟ ಪುಟ್ಟ ಹೊಲಿಗೆ ಹಾಕುದ್ರೆ ಹೊದಿಕೆ ರಟ್ಟಿನ ಥರ ಗಡುಸಾಗತ್ತೆ. ಮಷೀನಿಗೆ ಕೊಡೋಕ್ ಮುಂಚೆ ನೆಲಕ್ಕೆ ಚಾಪೆ ಹಾಸಿ ಪದರ ಎಲ್ಲಾ ಹರಡಿ ಕೈಯಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಗೇಣಿಗೊಂದು ಸಾಲು. ಇಲ್ದಿದ್ರೆ ಮೇಲಿನ ಸೀರೆ ಮುಂದೆ ಓಡತ್ತೆ ಕೆಳಗಿಂದು ಹಿಂದೆ ಉಳಿಯತ್ತೆ, ಕೊನೇಲಿ ಸುಕ್ಕು. ನೀವು ಅಂಚಿಂದ ಶುರು ಮಾಡಿದೀರಿ ಅಂದ್ರಲ್ಲ, ಅದನ್ನ ಬಿಚ್ಚಿ, ನಡುವಿಂದ ಹೊರಗೆ ಹೊಲೀತಾ ಬನ್ನಿ. ಪ್ರತಿ ಸಾಲು ಶುರು ಮಾಡುವಾಗ ಎರಡೂ ದಾರ ಹಿಂದಕ್ಕೆ ಎಳೆದು ಹಿಡ್ಕೊಂಡು ಮೂರ್ನಾಕು ಹೊಲಿಗೆ ಹಾಕಿ.

ಹೊಸ್ಪೇಟೆ_ಹುಡುಗಿ (ಶುಕ್ರವಾರ)

ಓಕೆ ನನ್ ಕರೆಂಟ್ ಮಷೀನ್ ಸಲಹೆ ವಾಪಸ್ ತಗೊಂಡೆ 🙈 ನಮ್ಮಜ್ಜಿ ಮಷೀನೂ ಅಟ್ಟದ ಮೇಲಿದೆ, ಇಳಿಸ್ತೀನಿ.

ಮೂಡಿಗೆರೆ_ಮಳೆ (ಭಾನುವಾರ ರಾತ್ರಿ)

ಓಡ್ತಾ ಇದೆ!! ಎರಡು ದಿನ ಹಿಡೀತು. ಸೀಮೆಎಣ್ಣೆ ಎಲ್ಲೂ ಸಿಗ್ಲಿಲ್ಲ, ನಮ್ಮನೆಯವ್ರು ಮೂಡಿಗೆರೆ ಪೇಟೆಗೆ ಹೋಗಿ ಮಷೀನ್ ಎಣ್ಣೇದು ಎರಡು ಬಾಟ್ಲಿ, 16 ನಂಬರ್ ಸೂಜಿ ತಂದ್ರು, ತಂದು ತಾವೇ ಕೂತು ತಿರುಗ್ಸಿದ್ರು. ಗುಜರಿಗೆ ಹಾಕು ಅಂದವ್ರು ಈಗ ಮಷೀನು ಪಕ್ಕದಿಂದ ಏಳ್ತಿಲ್ಲ, ಬನಿಯನ್ನು ಎರಡು ಬಲಿ ಆಯ್ತು. ಟೆನ್ಶನ್ ಬಿಲ್ಲೆ ಮಧ್ಯದಿಂದ ಬಂದಿದ್ದು ನೋಡ್ಬೇಕಿತ್ತು ನೀವು, ಬಿಳೀ ಜಿಡ್ಡು, ಅದ್ರೊಳಗೆ ಕೆಂಪು ದಾರದ ಜುಂಗು. ಆ ಕೆಂಪು ನನ್ನ ಮಗಳು ಒಂದನೇ ಕ್ಲಾಸಲ್ಲಿದ್ದಾಗ ಹೊಲಿದ ಲಂಗದ್ದು ಅಂತ ಅತ್ತೆ ವಾದ. ಇರ್ಬೋದು.

ಈಗ ದಾರ ಎಳುದ್ರೆ ಸೂಜಿ ಬಾಗತ್ತೆ, ಅಡಿ ಮೇಲೆ ಎರಡೂ ಒಂದೇ ಥರ ಹೊಲಿಗೆ. ಬೆಲ್ಟೂ ಅರ್ಧ ಇಂಚು ಕತ್ತರಿಸ್ದೆ. ಒಂದೇ ಎಡವಟ್ಟು, ಎಣ್ಣೆ ಬಿಟ್ಟ ತಕ್ಷಣ ಆಸೆಗೆ ಹೊದಿಕೇನೇ ಇಟ್ಟು ಹೊಲಿದ್ಬಿಟ್ಟೆ, ಬಿಳೀ ಸೀರೆ ಮೇಲೆ ರೂಪಾಯಿ ಅಗಲ ಕಲೆ.

ಕಟ್ಟಿನಕೆರೆ_ಟೈಲರ್ (ಭಾನುವಾರ ರಾತ್ರಿ)

ಸಂತೋಷ ಅಮ್ಮ. ಎಣ್ಣೆ ಬಿಟ್ಟ ಮೇಲೆ ಯಾವಾಗ್ಲೂ ಚಿಂದಿ ಬಟ್ಟೆ ಮೇಲೆ ಒಂದು ಮೊಳ ಹೊಲಿದು ಆಮೇಲೆ ಒಳ್ಳೇ ಬಟ್ಟೆ ಇಡೋದು. ಕಲೆಗೆ ನೀರು ಹಾಕೋಕ್ ಮುಂಚೆ ಪಾತ್ರೆ ತೊಳ್ಯೋ ಸೋಪು ಒಣಗಿದ್ದ ಹಾಗೇ ಉಜ್ಜಿ ಅರ್ಧ ಗಂಟೆ ಬಿಟ್ಟು ಬೆಚ್ಚಗಿನ ನೀರಲ್ಲಿ ತೊಳೀರಿ, ಹೋಗತ್ತೆ. ಮಳೆಗಾಲ ಮುಗಿಯೋವರೆಗೂ ಹದಿನೈದು ದಿನಕ್ಕೊಂದ್ ಸಲ ಹೊಲಿಗೆ ಇಲ್ದಿದ್ರೂ ಸುಮ್ನೆ ತುಳೀತಿರಿ, ತುಕ್ಕು ಹಿಡಿಯಲ್ಲ.

ಪಾರ್ಟ್‌ಟೈಮ್_ಫಿಟ್ಟರ್ (ಭಾನುವಾರ ರಾತ್ರಿ)

ಕೊಬ್ಬರಿ ಎಣ್ಣೆ ಬಾಟ್ಲಿ ಮಷೀನಿಂದ ದೂರ ಇಟ್ರಾ?

ಮೂಡಿಗೆರೆ_ಮಳೆ (ಸೋಮವಾರ)

ಅತ್ತೆ ಅದನ್ನ ಬಚ್ಚಲಿಗೇ ಕಳ್ಸಿದಾರೆ, ಮಷೀನ್ ಎಣ್ಣೆ ಬಾಟ್ಲೀನ ತಮ್ಮ ಎಲೆ ಅಡಿಕೆ ಡಬ್ಬಿ ಪಕ್ಕ ಇಟ್ಕೊಂಡಿದಾರೆ, ಕೇಳಿದ್ರೆ ಹನಿ ಲೆಕ್ಕದಲ್ಲಿ ಕೊಡ್ತಾರೆ. ಕಲೆ ಹೋಯ್ತು. ಹೊದಿಕೆ ಮೂರು ಅಂಚು ಆಯ್ತು, ನಾಲ್ಕನೇದಕ್ಕೆ ಕೈ ಹಾಕ್ಬೇಡ ಅಂದಿದಾರೆ, ಮಗು ಬರೋಕ್ ಮುಂಚೆ ಪೂರ್ತಿ ಮಾಡ್ಬಾರ್ದಂತೆ. ಮಡಚಿ ಪೆಟ್ಟಿಗೇಲಿ ಇಟ್ಟಿದೀನಿ, ಕಚ್ಚಾ ಹೊಲಿಗೆ ಒಂದು ಸಾಲು ಹಾಗೇ ಇದೆ. ಭಾದ್ರಪದದಲ್ಲಿ ಬಂದು ಹೇಳ್ತೀನಿ.