ಗೇಟಿನ ಮುಂದೆ 24 ಮಂದಿ

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ ಯುದ್ಧಕ್ಕಿಂತ ಕಾಯುವುದೇ ಹೆಚ್ಚು. ಹಡಗುಗಳು ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವ ಗೇಟಿನ ಮುಂದೆ ನಿಂತಿರುತ್ತವೆ, ಸ್ಕೌಟ್ ಮೂರು ಗೇಟುಗಳ ಆಚೆ ಏನನ್ನೋ ಮೂಸುತ್ತಿರುತ್ತಾನೆ, ಉಳಿದವರು ಮೈಕಿನಲ್ಲಿ ಹರಟುತ್ತಿರುತ್ತಾರೆ. ಆ ರಾತ್ರಿಯೂ ಹಾಗೆಯೇ ಇತ್ತು. ಒಂದೇ ವ್ಯತ್ಯಾಸವೆಂದರೆ, ನಮ್ಮ ಕಾಯಂ ನಾಯಕ ಬಂದಿರಲಿಲ್ಲ. ಎಫ್‌ಸಿ, ಅಂದರೆ ಫ್ಲೀಟ್ ಕಮಾಂಡರನ ಪಟ್ಟ ನನ್ನ ತಲೆಯ ಮೇಲೆ ಬಂದು ಕೂತಿತ್ತು. ಬಂದದ್ದು ಹೇಗೆಂದರೆ, "ಇವತ್ತು ಯಾರು ನಡೆಸುತ್ತೀರಿ?" ಎಂಬ ಪ್ರಶ್ನೆ ಬಿದ್ದೊಡನೆ ಎಲ್ಲರೂ ಮೈಕ್ ಮುಚ್ಚಿಕೊಂಡರು. ನಾನು ಕೆಮ್ಮಿದೆ.

"ಕೆಮ್ಮಿದವನೇ ಎಫ್‌ಸಿ," ಎಂದು ಡಾಕ್ಟರಮ್ಮ ತೀರ್ಪು ಕೊಟ್ಟಳು.

ಅವಳು ವೈದ್ಯೆಯಲ್ಲ. ಗಾರ್ಡಿಯನ್ ಎಂಬ ಹಡಗು ನಡೆಸುತ್ತಾಳೆ. ಅದರ ಕೆಲಸ ಹೊಡೆಯುವುದಲ್ಲ, ಪೆಟ್ಟು ತಿಂದ ಜೊತೆಯ ಹಡಗುಗಳನ್ನು ದೂರದಿಂದಲೇ ರಿಪೇರಿ ಮಾಡುವುದು. ಆಟದಲ್ಲಿ ಇಂಥವರಿಗೆ ಲಾಜಿ ಎನ್ನುತ್ತಾರೆ. ನಾವು ಡಾಕ್ಟರಮ್ಮ ಎನ್ನುತ್ತೇವೆ, ಅವಳ ಬೈಗುಳಕ್ಕೂ ಔಷಧದ ಕಹಿ ಇರುವುದರಿಂದ.

ಪಟ್ಟವೇರಿ ಒಂದು ಗಂಟೆಯಾದರೂ ನಾವು ನಿಲ್ದಾಣ ಬಿಟ್ಟಿರಲಿಲ್ಲ. ಆಟದ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ. ನಾನು ಎಂಟಕ್ಕೆ ಎಂದಿದ್ದೆ. ಕೆಲವರು ಆಟದ ಎಂಟಕ್ಕೆ ಬಂದರು, ಕೆಲವರು ತಮ್ಮ ಮನೆಯ ಗೋಡೆಯ ಎಂಟಕ್ಕೆ ಬಂದು, ಕಾದು, ಬೈದು, ಮಲಗಿ, ಎದ್ದು ಮತ್ತೆ ಬಂದರು. ಲೆಕ್ಕ ಹಿಡಿಯೋಣವೆಂದು, "ಲಾಜಿಗಳು ಮಾತ್ರ ಎಕ್ಸ್ ಒತ್ತಿ," ಎಂದೆ. ಫ್ಲೀಟಿನ ಚಾಟ್‌ನಲ್ಲಿ ಸಾಲಾಗಿ ಹತ್ತೊಂಬತ್ತು ಎಕ್ಸ್‌ಗಳು ಬಿದ್ದವು.

"ಪರವಾಗಿಲ್ಲ," ಎಂದ ಲೆಕ್ಕಿಗ. "ನಮ್ಮ ದಂಡಿನಲ್ಲಿ ಸಾಯುವವರಿಗಿಂತ ಬದುಕಿಸುವವರೇ ಹೆಚ್ಚು."

ಎಣಿಸಿ ನೋಡಿದರೆ ನಿಜವಾದ ಲಾಜಿಗಳು ನಾಲ್ಕು. ಉಳಿದ ಹದಿನೈದು ಮಂದಿ ಪಕ್ಕದವನು ಒತ್ತಿದನೆಂದು ಒತ್ತಿದವರು. ಅವರ ನಡುವೆ ಒಬ್ಬ ಹೊಸಬ ವೆಂಚರ್ ತಂದಿದ್ದ. ವೆಂಚರ್ ಎಂದರೆ ಅದಿರು ಅಗೆಯುವ ಪುಟ್ಟ ಹಡಗು. ಎಲ್ಲರೂ ಒಂದೇ ಬಗೆಯ ಹಡಗು, ಒಂದೇ ಬಗೆಯ ಬಂದೂಕು ತರಬೇಕೆಂಬುದು ಫ್ಲೀಟಿನ ಮೊದಲ ಕಟ್ಟಳೆ. ಅದನ್ನು ಡಾಕ್ಟ್ರಿನ್ ಎನ್ನುತ್ತಾರೆ.

"ನನ್ನ ಹತ್ತಿರ ಇರುವುದು ಇದೊಂದೇ," ಎಂದ ಹೊಸಬ ನಮ್ರವಾಗಿ. "ಇದರಲ್ಲಿ ಶತ್ರುವನ್ನು ಅಗೆಯಲು ಬರುವುದಿಲ್ಲವೇ?"

ಕೊನೆಗೆ ಲೆಕ್ಕಿಗ ತನ್ನ ಗೋದಾಮಿನಿಂದ ಒಂದು ಕ್ರೂಸರ್ ಸಾಲ ಕೊಟ್ಟ. ಹಡಗು ಕೊಡುವಾಗ ಅವನ ದನಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ತಂದೆಯ ದನಿಯಂತಿತ್ತು. "ಗೀರು ಕೂಡ ಬೀಳಬಾರದು," ಎಂದ. ಯುದ್ಧಕ್ಕೆ ಹೊರಟ ಹಡಗಿಗೆ!

ಹೀಗೆ 24 ಮಂದಿ ಗೇಟಿನ ಮುಂದೆ ಬಂದು ನಿಂತೆವು. ಒಂದು ಫ್ಲೀಟಿಗೆ 256 ಮಂದಿ ಸೇರಬಹುದು. 24 ಮಂದಿಯನ್ನು ಸೇರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು, 256 ಮಂದಿಯನ್ನು ನಡೆಸುವವರಿಗೆ ಎಷ್ಟು ಗಂಟಲುಗಳಿರಬೇಕೋ.

"ಏನಯ್ಯಾ ಸೇನಾಪತಿ, ಇನ್ನೆಷ್ಟು ಹೊತ್ತು?" ಇದು ದುಡುಕ. ಟ್ಯಾಕಲ್ ಕೆಲಸದವನು: ಸಣ್ಣ ಹಡಗಿನಲ್ಲಿ ಮೊದಲು ನುಗ್ಗಿ, ಶತ್ರು ಓಡದಂತೆ ಕಾಲು ಹಿಡಿಯುವುದು ಅವನ ಪಾಲು. ಕಾಲು ಹಿಡಿದವನು ಒದೆಸಿಕೊಳ್ಳುವುದೂ ಮೊದಲೇ.

"ಸ್ಕೌಟ್ ಹೇಳಲಿ," ಎಂದೆ.

"ನೀನು ಎಫ್‌ಸಿಯೋ, ಸ್ಕೌಟ್ ಎಫ್‌ಸಿಯೋ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಹೊಳೆದದ್ದೂ ಅದೇ. ಇಷ್ಟು ದಿನ ಹಿಂದಿನ ಸಾಲಿನಲ್ಲಿದ್ದಾಗ ಕಿರಣಗಳು, ಸಿಡಿಯುವ ಹಡಗುಗಳು, ನೀಲಿ ಮೋಡಗಳು ಎಲ್ಲವನ್ನೂ ಕಣ್ತುಂಬ ನೋಡುತ್ತಿದ್ದೆ. ನಾಯಕನಾದ ಮೇಲೆ ನನಗೆ ಕಂಡದ್ದು ಹಾಜರಿ ಪುಸ್ತಕದಂಥ ಒಂದು ಪಟ್ಟಿ: ಹೆಸರು, ಹಡಗು, ದೂರ. ಬ್ರಹ್ಮಾಂಡದಷ್ಟು ಆಕಾಶವಿದ್ದರೂ ನನ್ನ ಪಾಲಿಗೆ ಬಂದದ್ದು ಗುಮಾಸ್ತಿಕೆ.

"ಅದಕ್ಕೇ ಎಫ್‌ಸಿಗೆಂದೇ ಒಂದು ಹಡಗು ಮಾಡಿದ್ದಾರಲ್ಲ, ಮಾನಿಟರ್ ಎಂದು," ಎಂದ ಲೆಕ್ಕಿಗ. "ಮೈ ಬಂಡೆಯಂತೆ ಗಟ್ಟಿ, ಬಂದೂಕು ಮಾತ್ರ ಒಂದೂ ಇಲ್ಲ. ಶತ್ರುಗಳು ಮೊದಲು ಹುಡುಕುವುದು ನಾಯಕನನ್ನೇ ಅಲ್ಲವೇ?"

"ಬಹಳ ಯೋಚಿಸಿ ಇಟ್ಟ ಹೆಸರು," ಎಂದರು ಮೇಷ್ಟ್ರು. ಅವರು ನಮ್ಮ ಗುಂಪಿನ ಹಿರಿಯರು. ಜೀವಮಾನವಿಡೀ ಪಾಠ ಹೇಳಿದವರು, ನಿವೃತ್ತರಾದ ಮೇಲೆ ಫಿರಂಗಿ ಹಿಡಿದವರು. "ನನ್ನ ತರಗತಿಯ ಮಾನಿಟರಿಗೂ ಆಯುಧ ಇರಲಿಲ್ಲ. ಮಾತನಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಿದ್ದ, ಅಷ್ಟೇ. ಸಂಜೆ ಪೆಟ್ಟು ತಿನ್ನುವಾಗ ಮಾತ್ರ ಅವನಿಗೇ ಮೊದಲ ಮರ್ಯಾದೆ."

"ಹಾಗಾದರೆ ನನಗೆ ಮಾನಿಟರ್ ಏಕೆ ಕೊಡಲಿಲ್ಲ?" ಎಂದು ಲೆಕ್ಕಿಗನನ್ನು ಕೇಳಿದೆ.

"ಕೆಮ್ಮಿ ಎಫ್‌ಸಿಯಾದವನಿಗೆ ಅಷ್ಟು ಬೆಲೆಯ ಹಡಗು ಕೊಡುವುದಿಲ್ಲ."

ದುಡುಕನಿಗೆ ಇದೆಲ್ಲ ಹಿಡಿಸಲಿಲ್ಲ. "ನಾಯಕತ್ವದಲ್ಲಿ ಏನಿದೆ ಮಹಾ? ಗುರಿಯ ಹೆಸರು ಕೂಗುವುದು, ನಾವು ಹೊಡೆಯುವುದು."

"ಹೆಸರು ಕೂಗಿ ನೋಡು," ಎಂದೆ. ಈ ನೋವು ನನಗೆ ಹೊಸದಾಗಿ ಬಂದಿತ್ತು. 24 ಮಂದಿ 24 ಕಡೆ ಹೊಡೆದರೆ ಅತ್ತಲಿನ ಲಾಜಿಗಳು ಎಲ್ಲವನ್ನೂ ಮಾಯಿಸಿಬಿಡುತ್ತಾರೆ. ಎಲ್ಲರೂ ಒಂದೇ ಹಡಗಿಗೆ ಒಂದೇ ಉಸಿರಿನಲ್ಲಿ ಹೊಡೆದರೆ ಮಾತ್ರ, ಅವರ ಡಾಕ್ಟರಮ್ಮ ಕಣ್ಣು ತಿಕ್ಕಿಕೊಳ್ಳುವಷ್ಟರಲ್ಲಿ ಅದು ಸಿಡಿಯುತ್ತದೆ. ಅದಕ್ಕೇ ಪ್ರೈಮರಿ ಎಂದು ಒಬ್ಬನ ಹೆಸರು ಕೂಗುವುದು. ಆದರೆ ಜನ ಇಟ್ಟುಕೊಂಡಿರುವ ಹೆಸರುಗಳೋ! ಇಂಗ್ಲಿಷಿನ ದೊಡ್ಡ ಐ, ಚಿಕ್ಕ ಎಲ್‌ಗಳನ್ನೇ ಬೇಲಿ ನೆಟ್ಟಂತೆ ಸಾಲಾಗಿ ಜೋಡಿಸಿದ ಹೆಸರೊಂದನ್ನು ಹಿಂದಿನ ಗೇಟಿನಲ್ಲಿ ನಾನು ಓದಬೇಕಾಗಿ ಬಂತು. "ಪ್ರೈಮರಿ... ಐ, ಎಲ್, ಅಲ್ಲ, ಐ, ಮತ್ತೆ ಐ..." ಎನ್ನುತ್ತಿರುವಾಗ ಬೇಲಿಯೇ ಎದ್ದು ಹೊರಟುಹೋಯಿತು.

"ಆಂಕರ್ ಕಥೆ ಹೇಳಿ," ಎಂದು ಹೊಸಬ ಕೇಳಿದ. ಅವನಿಗೆ ಯಾರೋ ಅರ್ಧ ಹೇಳಿ ಬಿಟ್ಟಿದ್ದರು.

ಆಂಕರ್ ಎಂದರೆ ಲಂಗರು. ಸಮುದ್ರದ ಲಂಗರು ನಿಲ್ಲಿಸುವುದಕ್ಕೆ, ಇಲ್ಲಿಯದು ಓಡಿಸುವುದಕ್ಕೆ. ಒಬ್ಬನ ಹಡಗನ್ನು ಆಂಕರ್ ಎಂದು ಗೊತ್ತುಮಾಡಿದರೆ ಉಳಿದವರು ಅದನ್ನು ಹಿಂಬಾಲಿಸುವ ಗುಂಡಿ ಒತ್ತಿ ಕೈಬಿಡುತ್ತಾರೆ. ಅವನು ತಿರುಗಿದತ್ತ ಇಡೀ ದಂಡು ತಿರುಗುತ್ತದೆ. ಎರಡು ವಾರದ ಹಿಂದೆ ಲೆಕ್ಕಿಗನನ್ನು ಆಂಕರ್ ಮಾಡಿದ್ದೆವು. ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋದ. ಹಡಗು ಮಾತ್ರ ನೇರ ಹೊರಟಿತು. ನಾವು ಇಪ್ಪತ್ತು ಮಂದಿ ಅದರ ಹಿಂದೆ ಕುರಿಗಳ ಹಾಗೆ, ಶಿಸ್ತಿನಿಂದ, ಯುದ್ಧವನ್ನು ಅಲ್ಲಿಯೇ ಬಿಟ್ಟು, ಶೂನ್ಯದ ಕಡೆಗೆ ಹೊರಟೆವು.

"ಶತ್ರುಗಳು ಬೆನ್ನಟ್ಟಲಿಲ್ಲ," ಎಂದ ಲೆಕ್ಕಿಗ ಹೆಮ್ಮೆಯಿಂದ. "ಏನೋ ಭಾರೀ ತಂತ್ರವಿರಬೇಕೆಂದು ಹೆದರಿ ಹಿಂದಕ್ಕೆ ಹೋದರು. ಆ ದಿನ ನಷ್ಟ ಸೊನ್ನೆ. ಹಾಗೆ ನೋಡಿದರೆ ನನ್ನಷ್ಟು ಯಶಸ್ವಿ ನಾಯಕ ನಮ್ಮಲ್ಲಿ ಇನ್ನೊಬ್ಬನಿಲ್ಲ."

"ನಿನ್ನ ಬಾಗಿಲು ತಟ್ಟಿದವರಿಗೆ ಪದಕ ಕೊಡಬೇಕು," ಎಂದಳು ಡಾಕ್ಟರಮ್ಮ. "ಕಳೆದ ತಿಂಗಳ ನಷ್ಟವನ್ನೂ ಹೇಳು. ಏಳು ಹಡಗು."

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಅಂದು ನಮ್ಮ ಕಾಯಂ ನಾಯಕ ಹೇಳಿದ್ದು: "ಆಚೆ ಶತ್ರುಗಳು ತುಂಬಿದ್ದಾರೆ, ಯಾರೂ ಹಾರಬೇಡಿ." ಅವನ ಮೈಕ್ ಕಡಿದು ಕಡಿದು ಬರುತ್ತಿತ್ತು. ನಮಗೆ ಕೇಳಿಸಿದ್ದು "ಹಾರ" ಎನ್ನುವ ತನಕ. ಏಳು ಮಂದಿ ಹಾರಿದರು. ಗೇಟು ದಾಟಿದ ಮೇಲೆ ಅಲುಗಾಡದೆ ಇದ್ದರೆ ಒಂದು ನಿಮಿಷ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ಯೋಚಿಸಬಹುದಿತ್ತು. ದುಡುಕ ಮೂರನೆಯ ಸೆಕೆಂಡಿಗೇ ಹೊರಬಿದ್ದು ಗುಂಡು ಹೊಡೆದ. ಹೊಡೆದವನು ಇನ್ನೊಂದು ನಿಮಿಷ ಗೇಟು ದಾಟಿ ಮರಳುವಂತಿಲ್ಲ. ಅಲ್ಲಿಗೆ ಮುಗಿಯಿತು.

"ತಪ್ಪು ಮೈಕಿನದಲ್ಲ, ವ್ಯಾಕರಣದ್ದು," ಎಂದರು ಮೇಷ್ಟ್ರು, ಸೀಮೆಸುಣ್ಣ ಕೈಗೆ ತೆಗೆದುಕೊಂಡವರ ಹಾಗೆ. "ನಮ್ಮ ಭಾಷೆಯಲ್ಲಿ 'ಬೇಡ' ಬರುವುದು ಬಾಲದಲ್ಲಿ. ಬಾಲ ಕತ್ತರಿಸಿದರೆ ನಿಷೇಧವೇ ಅಪ್ಪಣೆಯಾಗುತ್ತದೆ. ಇಂಗ್ಲಿಷಿನಲ್ಲಿ ನಕಾರ ತಲೆಯಲ್ಲಿಯೇ ಬರುತ್ತದೆ. ಆದರೂ ಅವರ ಅನುಭವಸ್ಥ ಎಫ್‌ಸಿಗಳು ತಡೆಯುವಾಗ 'ಜಂಪ್' ಎಂಬ ಪದವನ್ನು ನಾಲಗೆಗೆ ತಾಗಿಸುವುದಿಲ್ಲ, 'ಹೋಲ್ಡ್' ಎನ್ನುತ್ತಾರೆ. ನಾವೂ 'ನಿಲ್ಲಿ' ಎನ್ನೋಣ."

"ಮತ್ತೆ 'ಗುಂಡು ಹಾರಿಸಿ' ಎನ್ನುವುದು?" ಎಂದು ಕೇಳಿದಳು ಡಾಕ್ಟರಮ್ಮ.

ಮೇಷ್ಟ್ರು ತಡವರಿಸಿದರು. ಅದರೊಳಗೂ 'ಹಾರಿ' ಕೂತಿದೆಯಲ್ಲ! ಅಂದಿನಿಂದ 'ಹೊಡೆಯಿರಿ' ಎನ್ನಬೇಕೆಂದು ಠರಾವಾಯಿತು. ಏಕವಚನವೋ ಬಹುವಚನವೋ ಎಂಬ ಪ್ರಶ್ನೆಯೂ ಎದ್ದಿತು. ಮೇಷ್ಟ್ರಿಗೆ 'ಹೊಡಿ' ಎನ್ನಲು ನನಗೆ ಬಾಯಿ ಬರುವುದಿಲ್ಲ. 'ಹೊಡೆಯಿರಿ' ಎಂದರೆ ದಂಡಿಗೆ ಬಹುವಚನ, ಮೇಷ್ಟ್ರಿಗೆ ಗೌರವ, ಎರಡೂ ಒಂದೇ ಗುಂಡಿಗೆ ಬೀಳುತ್ತವೆ.

"ಒಂದು ಪದಕ್ಕೆ ಇಷ್ಟು ಚರ್ಚೆಯೇ?" ಎಂದ ದುಡುಕ.

"ಒಂದು ಗುಂಡಿಗೇ ಮಹಾಯುದ್ಧವಾಗಿದೆ," ಎಂದ ಲೆಕ್ಕಿಗ. ನಷ್ಟದ ಕಥೆಗಳೆಂದರೆ ಅವನಿಗೆ ಪುರಾಣ. "2013ರ ಜನವರಿ, ಆಟದೊಳಗಿನ ಅಸಾಕೈ ಎಂಬ ಸೌರಮಂಡಲ. ಟೈಟನ್ ಎಂಬುದು ಆಟದ ಅತಿ ದೊಡ್ಡ ಹಡಗು. ಅದು ತಾನಿದ್ದಲ್ಲಿಯೇ ಇದ್ದು ಸೇತುವೆ ತೆರೆದು ಉಳಿದವರನ್ನು ದೂರಕ್ಕೆ ಕಳುಹಿಸುತ್ತದೆ. ನಡೆಸುವವನು 'ಬ್ರಿಡ್ಜ್' ಒತ್ತಬೇಕಾದಲ್ಲಿ 'ಜಂಪ್' ಒತ್ತಿದ. ಸೈನ್ಯ ಇತ್ತಲೇ ಉಳಿಯಿತು, ಟೈಟನ್ ಒಂದೇ ಶತ್ರುಗಳ ನಡುವೆ ಹೋಗಿ ನಿಂತಿತು. ಅದನ್ನು ಬಿಡಿಸಲು ಇವರ ಕಡೆಯವರು, ಕೆಡವಲು ಅವರ ಕಡೆಯವರು, ಕೊನೆಗೆ ಸುಮಾರು 3,000 ಮಂದಿ ಸೇರಿದರು."

"ಪಾಪ," ಎಂದಳು ಡಾಕ್ಟರಮ್ಮ. "ಅವನೂ ಕೆಮ್ಮಿರಬೇಕು."

"ಸರಿಯಾಗಿ ಒಂದು ವರ್ಷಕ್ಕೆ, 2014ರ ಜನವರಿಯಲ್ಲಿ, ಬಿ-ಆರ್5ಆರ್‌ಬಿ. ಅದಕ್ಕೆ ಕಾರಣ ಗುಂಡಿಯೂ ಅಲ್ಲ, ಬಿಲ್ಲು. ಆ ಸೌರಮಂಡಲದ ಒಡೆತನ ಉಳಿಸಿಕೊಳ್ಳುವ ಕಂತು ಕಟ್ಟದೆ ಹೋಯಿತು. ಒಡೆತನ ಬಿತ್ತು, ಎದುರಾಳಿ ನುಗ್ಗಿದ. 21 ಗಂಟೆ ಯುದ್ಧ, 75 ಟೈಟನ್ ಭಸ್ಮ." ಲೆಕ್ಕಿಗನ ದನಿ ಗದ್ಗದವಾಯಿತು. ಭಸ್ಮವಾದ ಟೈಟನ್‌ಗಳಿಗೋ, ಕಟ್ಟದ ಕಂತಿಗೋ, ಹೇಳಲಾರೆ.

"21 ಗಂಟೆ ಒಬ್ಬನೇ ಕೂಗಿದನೇ?" ಎಂದು ನಾನು ಗಾಬರಿಯಿಂದ ಕೇಳಿದೆ. ನನ್ನ ಎರಡನೆಯ ಗಂಟೆಯೇ ಇನ್ನೂ ಮುಗಿದಿರಲಿಲ್ಲ.

"ಅಷ್ಟು ಜನ ಸೇರಿದರೆ ಆಟ ಕಾಲವನ್ನೇ ನಿಧಾನ ಮಾಡುತ್ತದೆ. ಹತ್ತನೆಯ ಒಂದು ಪಾಲಿನ ತನಕ ಇಳಿಯುತ್ತದೆ. ಆಟದ ಒಂದು ಸೆಕೆಂಡಿಗೆ ನಮ್ಮ ಹತ್ತು ಸೆಕೆಂಡು. 'ಪ್ರೈಮರಿ' ಎಂದು ಹೇಳಿ, ಮುಖ ತೊಳೆದು ಬಂದು, ಗುರಿಯ ಹೆಸರು ಹೇಳಬಹುದು. ನಾಯಕರು ಪಾಳಿಯ ಮೇಲೆ ಮಲಗಿ ಏಳುತ್ತಾರೆ."

"ನಮ್ಮ ದುಡುಕ ಅಲ್ಲಿದ್ದಿದ್ದರೆ?" ಎಂದರು ಮೇಷ್ಟ್ರು. ಹತ್ತು ಪಟ್ಟು ನಿಧಾನವಾದ ದುಡುಕನನ್ನು ಎಲ್ಲರೂ ಕಲ್ಪಿಸಿಕೊಂಡೆವು. ಆಗ ಅವನು ಸಾಮಾನ್ಯ ಮನುಷ್ಯರ ವೇಗಕ್ಕೆ ಇಳಿಯುತ್ತಿದ್ದನೇನೋ.

ಇಷ್ಟರಲ್ಲಿ ಸ್ಕೌಟಿನ ದನಿ ಬಂತು, ಪಿಸುಮಾತಿನಲ್ಲಿ. ಬಾಹ್ಯಾಕಾಶದಲ್ಲಿ ಅವಿತು ಕೂತವನ ಮಾತು ಶತ್ರುವಿಗೆ ಕೇಳಿಸುವುದಿಲ್ಲವೆಂದು ಎಷ್ಟು ಹೇಳಿದರೂ ಅವನು ಪಿಸುಗುಟ್ಟುವುದನ್ನು ಬಿಟ್ಟಿಲ್ಲ. "ದೊಡ್ಡ ಗುಂಪೊಂದು ನಿಮ್ಮ ಕಡೆಗೇ ಹೊರಟಿದೆ. ನಲವತ್ತಕ್ಕೆ ಕಡಿಮೆ ಇಲ್ಲ."

ನನ್ನ ಮೊದಲ ನಿಜವಾದ ಅಪ್ಪಣೆ. ಮೇಷ್ಟ್ರ ಪಾಠ ನೆನಪಿನಲ್ಲಿತ್ತು. "ನಿಲ್ಲಿ," ಎಂದೆ. "ಎಲ್ಲರೂ ನಿಲ್ಲಿ. ಅವರು ಇತ್ತ ಬರಲಿ." ದನಿಯಲ್ಲಿ ಗಾಂಭೀರ್ಯವಿತ್ತೆಂದು ನನಗೇ ಅನ್ನಿಸಿತು. ಬಾಲವಿಲ್ಲದ, ಕತ್ತರಿಸಲಾಗದ ವಾಕ್ಯ.

"ಇಲ್ಲಿ 23 ಹಡಗು ಕಾಣುತ್ತಿದೆಯಲ್ಲ," ಎಂದ ಲೆಕ್ಕಿಗ.

"ನಾನು ಆಚೆ ಇದ್ದೇನೆ," ಎಂದ ಹೊಸಬ. "ಆಗಲೇ ಬಂದೆ. ನೀವೆಲ್ಲ ಏಕೆ ಬರಲಿಲ್ಲ?"

"ಯಾರು ನಿನಗೆ ಹಾರಲು ಹೇಳಿದ್ದು?"

"ಮೇಷ್ಟ್ರೇ ಹೇಳಿದರಲ್ಲ. ಅದಕ್ಕೆ ಮೊದಲು ನೀವು ಹೇಳಿದಿರಿ. ಡಾಕ್ಟರಮ್ಮನವರೂ ಹೇಳಿದರು. ನನಗೆ ಮಾತು ತುಂಡು ತುಂಡಾಗಿ ಬರುತ್ತಿದೆ, ಆ ಪದ ಮಾತ್ರ ಸ್ಪಷ್ಟವಾಗಿ ಹತ್ತು ಸಲ ಬಂತು."

"ಅಲುಗಾಡದೆ ಇರು! ನಿನ್ನ ಸುತ್ತ ಯಾರಾದರೂ ಇದ್ದಾರೆಯೇ?"

"ಯಾರೂ ಇಲ್ಲ. ಈ ಸೌರಮಂಡಲದಲ್ಲಿ ಇರುವವರ ಲೋಕಲ್ ಪಟ್ಟಿಯಲ್ಲಿ ನಾನೊಬ್ಬನೇ ಇದ್ದೇನೆ." ಸ್ವಲ್ಪ ತಡೆದು, "ಈಗ ಇಬ್ಬರಿದ್ದೇವೆ," ಎಂದ. ಮತ್ತೆ ತಡೆದು, "ಪಟ್ಟಿ ತಾನಾಗಿಯೇ ಕೆಳಕ್ಕೆ ಜಾರುತ್ತಿದೆ. ನಲವತ್ತೊಂದು. ನನ್ನ ಸುತ್ತ ದೊಡ್ಡದೊಂದು ಗುಳ್ಳೆ ಎದ್ದಿದೆ, ನೋಡಲು ಚೆನ್ನಾಗಿದೆ. ಇದೇನು?"

ಒಳಗಿರುವವರು ವಾರ್ಪ್ ಮಾಡಿ ಓಡದಂತೆ ತಡೆಯುವ ಗುಳ್ಳೆ ಅದು. ಅದನ್ನು ಅವನಿಗೆ ವಿವರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಲೆಕ್ಕಿಗ ಮೈಕ್ ತೆರೆದೇ ನಿಟ್ಟುಸಿರು ಬಿಟ್ಟ. ಅವನ ಕಣ್ಣ ಮುಂದೆ ತನ್ನ ಕ್ರೂಸರಿನ ಬಾಲ್ಯವೆಲ್ಲ ಹಾದುಹೋಗಿರಬೇಕು.

"ಒಂದು ಸಂದೇಹ," ಎಂದ ಹೊಸಬ. "ಫ್ಲೀಟಿನಲ್ಲಿ ಹಡಗು ಹೋದರೆ ಬದಲಿ ಕೊಡುತ್ತಾರಂತೆ. ಇದಕ್ಕೂ ಪರಿಹಾರ..."

ಅಷ್ಟು ಕೇಳಿಸಿದ್ದೇ ತಡ, ದುಡುಕನ ಹಡಗು ಗೇಟಿನ ಮುಂದಿನಿಂದ ಮಾಯವಾಯಿತು.