ಪದಚರ್ಚೆ: ‘ಸ್ಟಾಕಿಂಗ್ ಹಾರ್ಸ್ ಬಿಡ್’ಗೆ ಕನ್ನಡ ಏನು?

ದಿವಾಳಿಯಾದ ಕೆನಡಾದ ದೂರಸಂಪರ್ಕ ಕಂಪನಿ ನಾರ್ಟೆಲ್‌ನ ಪೇಟೆಂಟ್ ಹರಾಜಿನ (2011) ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಟಾಕಿಂಗ್ ಹಾರ್ಸ್ ಬಿಡ್’ ಅನ್ನು ‘ದೀವದ ಸವಾಲು’ ಎಂದು ಬರೆದೆ. ಬೇಟೆಗೆ ಪಳಗಿಸಿದ ಮೃಗಕ್ಕೆ ಹಳಗನ್ನಡದಲ್ಲಿ ದೀವ ಅನ್ನುತ್ತಾರಲ್ಲ. ಆಪಲ್, ಮೈಕ್ರೋಸಾಫ್ಟ್, ಸೋನಿ, ಎರಿಕ್ಸನ್, ರಿಮ್ (ಬ್ಲ್ಯಾಕ್‌ಬೆರಿ ಕಂಪನಿ), ಇಎಂಸಿ ಒಟ್ಟಾಗಿ ಕೂಗಿದ್ದಕ್ಕೆ ‘ಹರಾಜಿನ ಒಳಒಪ್ಪಂದ’ ಎಂದಿದ್ದೇನೆ. ಸರಿಯೇ?

*

ದೀವ ಚೆಂದದ ಪದ, ಆದರೆ ಇಲ್ಲಿ ಒಗ್ಗದು. ದೀವದ ಮೃಗ ಬೇರೆ ಮೃಗಗಳನ್ನು ಬಲೆಗೆ ಸೆಳೆಯುತ್ತದೆ. ಇಂಗ್ಲಿಷರ ‘ಸ್ಟಾಕಿಂಗ್ ಹಾರ್ಸ್’ ಎಂಬ ಕುದುರೆಯ ಮರೆಯಲ್ಲಿ ಬೇಟೆಗಾರ ಅಡಗಿ ಬರುತ್ತಾನೆ. ದಿವಾಳಿ ಹರಾಜಿನಲ್ಲಿ ಬಲೆಯೂ ಇಲ್ಲ, ಅಡಗುವುದೂ ಇಲ್ಲ. ಹರಾಜಿಗೆ ಮುಂಚೆಯೇ ಒಬ್ಬ ಕೊಳ್ಳುಗನೊಂದಿಗೆ ಕರಾರು ಮಾಡಿಕೊಂಡು, ಅವನ ಬೆಲೆಯನ್ನೇ ತಳಬೆಲೆಯಾಗಿ ಇಡುತ್ತಾರೆ. ಯಾರೂ ಮೀರಿಸದಿದ್ದರೆ ಅವನೇ ಕೊಳ್ಳಬೇಕು. ಮೀರಿಸಿದರೆ ಅವನಿಗೆ ಇಂತಿಷ್ಟು ಪರಿಹಾರ. ಆ ಏಪ್ರಿಲ್‌ನಲ್ಲಿ ಗೂಗಲ್ ಸುಮಾರು 6,000 ಪೇಟೆಂಟ್ ಮತ್ತು ಅರ್ಜಿಗಳಿಗೆ 90 ಕೋಟಿ ಡಾಲರ್ ಒಪ್ಪಿಕೊಂಡದ್ದು ಹೀಗೆ. ಪಂಚಾಯ್ತಿ ಮಳಿಗೆಗಳ ಹರಾಜು ಪ್ರಕಟಣೆಯಲ್ಲಿ ‘ಸರ್ಕಾರಿ ಸವಾಲು’ ಅಂತ ಇರುತ್ತದಲ್ಲ, ಅದರ ಹತ್ತಿರದ ನೆಂಟ ಇದು. ಆದರೆ ಸರ್ಕಾರಿ ಸವಾಲನ್ನು ನಿಗದಿ ಮಾಡುವವರು ಮಾರುವವರು, ಅದರ ಹಿಂದೆ ಕೊಳ್ಳುವವನು ಇರಬೇಕೆಂದಿಲ್ಲ. ‘ಕರಾರು ಸವಾಲು’ ಅಂದರೆ ಸಾಕು.

‘ಒಳಒಪ್ಪಂದ’ ಅಂದರೆ ತೀರ್ಪನ್ನೇ ಕೊಟ್ಟಂತಾಯಿತು. ಕೊಳ್ಳುವವರು ‘ಈ ಸಲ ನೀನು ಬಿಡು, ಮುಂದಿನದು ನಿನಗೆ’ ಎಂದು ಗುಟ್ಟಾಗಿ ಮಾತಾಡಿಕೊಂಡರೆ ಬೆಲೆ ಕುಸಿಯುತ್ತದೆ. ಇಲ್ಲಿ 90 ಕೋಟಿ ಇದ್ದದ್ದು 450 ಕೋಟಿ ಡಾಲರಿಗೆ ಹೋಯಿತು. ಆರೂ ಮಂದಿ ಬೇರೆಬೇರೆ ಕೂಗಿದ್ದರೆ ಇನ್ನೂ ಏರುತ್ತಿತ್ತೋ ಏನೋ, ಅದು ಬೇರೆ ವಾದ. ಅವರು ಕೂಗಿ ಗೆದ್ದದ್ದು ‘ರಾಕ್‌ಸ್ಟಾರ್ ಬಿಡ್ಕೊ’ ಎಂಬ ಒಂದೇ ಹೆಸರಿನಲ್ಲಿ. ಹಾಗಾಗಿ ‘ಒಕ್ಕೂಟದ ಸವಾಲು’ ಎನ್ನಿ. ಅಮೆರಿಕದ ನ್ಯಾಯ ಇಲಾಖೆಗೆ ಮುಖ್ಯ ಚಿಂತೆಯಿದ್ದದ್ದು ಹರಾಜಿನ ನಂತರದ್ದು: ಕೊಂಡ ಪೇಟೆಂಟುಗಳನ್ನು ಹಿಡಿದು ಎದುರಾಳಿಗಳ ಫೋನುಗಳಿಗೆ ತಡೆಯಾಜ್ಞೆ ತರುತ್ತಾರೆಯೇ, ಲೈಸೆನ್ಸ್ ದರ ಏರಿಸುತ್ತಾರೆಯೇ ಎಂದು. 2012ರ ಫೆಬ್ರವರಿಯಲ್ಲಿ ಆ ತನಿಖೆ ಮುಗಿಯಿತು. ಅದಕ್ಕೆ ‘ಪೈಪೋಟಿಗೆ ಅಡ್ಡಿ’ ಎಂಬ ಮಾತು ಸರಿಹೊಂದುತ್ತದೆ.

ಪೇಟೆಂಟನ್ನು ಪೇಟೆಂಟ್ ಎಂದೇ ಬಿಡಿ. ‘ಏಕಸ್ವಾಮ್ಯ’ ಎಂದರೆ ಮುಂದೆ ಮೊನೊಪಲಿ ಬಂದಾಗ ‘ಏಕಸ್ವಾಮ್ಯ ಕೊಂಡು ಏಕಸ್ವಾಮ್ಯ ಸಾಧಿಸಿದರು’ ಎಂದು ಬರೆಯಬೇಕಾದೀತು!

ಇನ್ನೊಂದು. ಗೂಗಲ್ ಒಂದು ಸುತ್ತಿನಲ್ಲಿ 3.14159 ಶತಕೋಟಿ ಡಾಲರ್ ಕೂಗಿತೆಂದು ಆಗ ವರದಿಯಾಗಿತ್ತು. ಬೇರೆಲ್ಲ ಕಡೆ ಕೋಟಿ ಬಳಸಿ, ಅಲ್ಲಿ ಮಾತ್ರ ಶತಕೋಟಿಯನ್ನೇ ಉಳಿಸಿ. 314.159 ಕೋಟಿ ಅಂದರೆ ಗಣಿತದ ಪೈ (π) ಯಾರ ಕಣ್ಣಿಗೂ ಬೀಳುವುದಿಲ್ಲ.