‘ಉಳಿಸು’ ಎಂದರೆ ಎಲ್ಲಿ, ಎಷ್ಟು ಹೊತ್ತು? ‘ಸೆಷನ್’ಗೆ ಕನ್ನಡ ಬೇಕೆ?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವು ಕೆಲವರು ಸೇರಿ ನಡೆಸುವ ಕನ್ನಡ ಪುಸ್ತಕ ಭಂಡಾರಕ್ಕೆ ಪುಟ್ಟದೊಂದು ಜಾಲತಾಣ ಕಟ್ಟುತ್ತಿದ್ದೇವೆ. ಪೈಥಾನ್ ಭಾಷೆ, ಅದರಲ್ಲಿ ಜಾಲತಾಣ ಕಟ್ಟಲು ನೆರವಾಗುವ ಫ್ಲಾಸ್ಕ್, ಅಷ್ಟೇ. ಅದನ್ನು ಮುಂದೆ ನೋಡಿಕೊಳ್ಳಲಿರುವ ಕಾಲೇಜು ಹುಡುಗರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸರ್ವರ್, ಬ್ರೌಸರ್, ಕುಕಿಗಳಿಗೆಲ್ಲ ಕನ್ನಡ ಹುಡುಕುವ ಹಟ ನನಗಿಲ್ಲ. ತೊಡಕಾಗಿರುವುದು ನಮ್ಮದೇ ಮಾತು, ‘ಉಳಿಸು’.

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಕ್ರಮವಾದ ಎಚ್‌ಟಿಟಿಪಿಗೆ ನೆನಪೆಂಬುದಿಲ್ಲ, ಪ್ರತಿ ಕೋರಿಕೆಯೂ ಅದಕ್ಕೆ ಹೊಸದೇ. ಒಂದು ಪುಟದಲ್ಲಿ ಎರಡು ಕಾದಂಬರಿ ಆರಿಸಿದವರು ಮುಂದಿನ ಪುಟಕ್ಕೆ ಬಂದಾಗ, ಆರಿಸಿದವರು ಇವರೇ ಎಂದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕಿಯನ್ನು (ಸರ್ವರ್ ಕೊಟ್ಟು ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಚೀಟಿಯನ್ನು) ತಂದದ್ದು ಈ ಕೊರತೆಗೇ. ಕೈಪಿಡಿಯ ಮೊದಲ ಕರಡಿನಲ್ಲಿ ‘ಆರಿಸಿದ ಪಟ್ಟಿಯನ್ನು ಉಳಿಸಿ’ ಎಂಬ ಸಾಲಿತ್ತು. ಒಬ್ಬ ಹುಡುಗ ಪಟ್ಟಿಯನ್ನು ಗ್ಲೋಬಲ್ ವೇರಿಯೆಬಲ್ ಒಂದರಲ್ಲಿ, ಅಂದರೆ ಇಡೀ ಪ್ರೋಗ್ರಾಮಿಗೆ ಒಂದೇ ಆದ ಡಬ್ಬಿಯಲ್ಲಿ, ಉಳಿಸಿದ. ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಿತ್ತು. ಇಬ್ಬರು ಒಟ್ಟಿಗೆ ಬಳಸಿದಾಗ ಒಬ್ಬರು ಆರಿಸಿದ ಪುಸ್ತಕ ಇನ್ನೊಬ್ಬರ ಪಟ್ಟಿಯಲ್ಲಿ ಕಾಣಿಸಿತು. ನಾಲ್ಕು ವರ್ಕರ್‌ಗಳಲ್ಲಿ (ಒಂದೇ ಪ್ರೋಗ್ರಾಮು ನಾಲ್ಕು ಬೇರೆ ಪ್ರೊಸೆಸ್‌ಗಳಾಗಿ) ಓಡಿಸಿದಾಗಲಂತೂ ಪಟ್ಟಿ ಒಮ್ಮೆ ಇದೆ, ಪುಟವನ್ನು ಮತ್ತೆ ತೆರೆದರೆ ಇಲ್ಲ. ಪ್ರತಿ ಪ್ರೊಸೆಸ್‌ಗೂ ಅದರದೇ ಪ್ರತಿ ಇರುವಾಗ ಇನ್ನೇನಾದೀತು? ಕೈಪಿಡಿ ಉಳಿಸು ಎಂದಿತು, ಹುಡುಗ ಉಳಿಸಿದ. ಯಾರಿಗಾಗಿ, ಎಲ್ಲಿಯವರೆಗೆ ಎಂದು ಆ ಕ್ರಿಯಾಪದ ಹೇಳುವುದೇ ಇಲ್ಲ.

ಈಗ ‘ಸೆಷನ್’, ಅಂದರೆ ಒಬ್ಬ ಬಳಕೆದಾರರ ಜೊತೆ ಪುಟದಿಂದ ಪುಟಕ್ಕೆ ಸಾಗುವ ನೆನಪು. ‘ಸತ್ರ’ ಎಂದುಬಿಡಿ ಎನ್ನುತ್ತಾರೆ ಮರಾಠಿಯ ಗೆಳತಿಯೊಬ್ಬರು. ಅವರಲ್ಲಿ ಕಾಲೇಜಿನ ಅರ್ಧವರ್ಷವೂ ಸತ್ರ, ಸೆಷನ್ಸ್ ಕೋರ್ಟೂ ಸತ್ರ ನ್ಯಾಯಾಲಯ. ನಮ್ಮಲ್ಲೂ ‘ಜಿಲ್ಲಾ ಮತ್ತು ಸತ್ರ ನ್ಯಾಯಾಲಯ’ ಇದೆ, ಆದರೆ ಬರೀ ‘ಸತ್ರ’ ಎಂದರೆ ಕನ್ನಡಿಗರ ಮನಸ್ಸು ಊಟ ವಸತಿಯ ಕಡೆಗೇ ಓಡುತ್ತದೆ. ‘ಅಧಿವೇಶನ’ವೆಂದರೆ ಬೆಳಗಾವಿಯ ಸುವರ್ಣ ವಿಧಾನಸೌಧ ಕಣ್ಣಮುಂದೆ ಬರುತ್ತದೆ. ‘ಅವಧಿ’ ಅರ್ಧ ಸರಿ. ಜಾಲತಾಣ ಕಟ್ಟುವ ಇನ್ನೊಂದು ಭಾಷೆಯಾದ ಪಿಎಚ್‌ಪಿಯಲ್ಲಿ ಮುಟ್ಟದೆ ಬಿಟ್ಟ ಸೆಷನ್ ಕಸದ ಲೆಕ್ಕಕ್ಕೆ ಸೇರಲು ಪೂರ್ವನಿಗದಿತ ಕಾಲ 1440 ಸೆಕೆಂಡ್, ಅಂದರೆ 24 ನಿಮಿಷ. ಫ್ಲಾಸ್ಕ್‌ನಂಥದ್ದೇ ಆದ ಜಾಂಗೋದ ಸೆಷನ್ ಕುಕಿಗೆ ಎರಡು ವಾರ. ಇವು ಅವಧಿಗಳೇ, ಒಪ್ಪುತ್ತೇನೆ. ಆದರೆ ‘ಪಟ್ಟಿಯನ್ನು ಅವಧಿಯಲ್ಲಿ ಇಡಿ’ ಎಂದು ಬರೆದರೆ ಓದುವವರಿಗೆ ಏನು ತಿಳಿದೀತು?

ಸೆಷನ್ ಇರುವ ಜಾಗವೂ ಒಂದೇ ಅಲ್ಲ. ಪಿಎಚ್‌ಪಿಯದು ರೈಲು ನಿಲ್ದಾಣದ ಕ್ಲೋಕ್‌ರೂಮಿನ ವ್ಯವಹಾರ: ಸಾಮಾನು ಒಳಗೆ, ಕುಕಿಯಲ್ಲಿ ಬರೀ ಚೀಟಿಯ ನಂಬರು. ಫ್ಲಾಸ್ಕ್ ಮಾತ್ರ, ನಾವು ಬೇರೆ ಏರ್ಪಾಡು ಮಾಡದಿದ್ದರೆ, ಸಾಮಾನನ್ನೇ ಮೊಹರು ಒತ್ತಿ ಪ್ರಯಾಣಿಕನ ಕೈಗೆ ಕೊಟ್ಟುಬಿಡುತ್ತದೆ. ಹಾಗಾಗಿ ಅದು ಕುಕಿಯೊಳಗೇ ಹಿಡಿಸಬೇಕು, ಸುಮಾರು 4 ಕೆಬಿ ಮೀರುವಂತಿಲ್ಲ. ಇಲ್ಲಿ ‘ಸುರಕ್ಷಿತ’ ಎಂಬ ಪದವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಆ ಮೊಹರು ತಿದ್ದದಂತೆ ತಡೆಯುತ್ತದೆ, ಓದದಂತೆ ತಡೆಯುವುದಿಲ್ಲ. ‘ತಿದ್ದಲಾಗದು, ಓದಬಹುದು’ ಎಂದು ಬಿಡಿಸಿಯೇ ಬರೆದಿದ್ದೇನೆ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇದು. ಒಂದೇ ಕೋರಿಕೆಯೊಳಗೆ ಹುಟ್ಟಿ ಸಾಯುವುದಕ್ಕೆ ‘ಹಿಡಿದುಕೊಳ್ಳು’ (ಫ್ಲಾಸ್ಕ್‌ನ ‘ಜಿ’ ಇಂಥದ್ದು, ಹೆಸರು ನೋಡಿ ಗ್ಲೋಬಲ್ ಎಂದು ನಂಬಿ ಕೆಟ್ಟವರಿದ್ದಾರೆ). ಒಬ್ಬ ಓದುಗರ ಜೊತೆ ಪುಟದಿಂದ ಪುಟಕ್ಕೆ ಸಾಗುವುದಕ್ಕೆ ‘ಸೆಷನ್‌ನಲ್ಲಿ ಇಡು’. ಯಾರು ಯಾವ ಪುಸ್ತಕ ಒಯ್ದರು ಎಂಬುದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ಹೋಗುತ್ತದೆ, ಅದಕ್ಕೆ ‘ದಾಖಲಿಸು’. ಈ ಕೊನೆಯದಕ್ಕೆ ಯೋಚಿಸಲೇ ಬೇಕಾಗಲಿಲ್ಲ, ಭಂಡಾರದ ಹಿರಿಯರು ದಪ್ಪ ರಿಜಿಸ್ಟರಿನಲ್ಲಿ ಬರೆಯುವುದಕ್ಕೆ ಮೊದಲಿನಿಂದಲೂ ಹಾಗೆಯೇ ಅನ್ನುತ್ತಾರೆ. ‘ಉಳಿಸು’ ಪದವನ್ನು ಪರದೆಯ ಗುಂಡಿಯ ಮೇಲಷ್ಟೇ ಬಿಟ್ಟಿದ್ದೇನೆ. ‘ಕ್ಯಾಶ್’ (ಬೇಗ ಸಿಗಲೆಂದು ತಾತ್ಕಾಲಿಕವಾಗಿ ಇಟ್ಟುಕೊಂಡ ಪ್ರತಿ) ಬೇಡವೇ ಬೇಡ: ದಂಡ ಕಟ್ಟುವ ಪುಟವೂ ನಮ್ಮಲ್ಲಿದೆ, ‘ಕ್ಯಾಶ್ ಖಾಲಿ ಮಾಡಿ’ ಎಂದರೆ ಖಜಾಂಚಿಗಳು ಬೆಚ್ಚುತ್ತಾರೆ.

‘ಹಿಡಿದುಕೊಳ್ಳು’ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ. ಕಚೇರಿಯಲ್ಲಿ ಕನ್ನಡದಲ್ಲೇ ಮಾತಾಡಿಕೊಳ್ಳುವವರು ಇಲ್ಲಿ ಹಲವರಿದ್ದೀರಿ; ನಿಮ್ಮ ಬಾಯಲ್ಲಿ ಏನು ಬರುತ್ತದೆ? ಇನ್ನೊಂದು, ಸೆಷನ್ ಮುಗಿದಾಗ ಪರದೆಯ ಮೇಲೆ ಕಾಣುವ ಸಾಲು. ‘ನಿಮ್ಮ ಸೆಷನ್ ಅವಧಿ ಮುಗಿದಿದೆ’ ಎಂದರೆ ನಮ್ಮ ಎಪ್ಪತ್ತು ದಾಟಿದ ಓದುಗರು ಸದಸ್ಯತ್ವವೇ ಮುಗಿಯಿತೆಂದು ತಿಳಿಯುತ್ತಾರೆ. ‘ಬಹಳ ಹೊತ್ತಾಯಿತು, ದಯವಿಟ್ಟು ಮತ್ತೆ ಲಾಗಿನ್ ಆಗಿ’ ಎಂದು ಹಾಕಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಮರ್ಯಾದೆ ಕೆಡದಂತೆ ಹೇಳಲು ಸಾಧ್ಯವೇ?